ತಂಪು ಪೆಟ್ಟಿಗೆಯ ದೀಪ

"ಜಂಪಣ್ಣಾರೇ, ನನ್ನ ಅನ್ನ ಹೋಗ್ತೈತ್ರೀ!" ಎನ್ನುತ್ತ ಅಡುಗೆಯ ಓಬಳಪ್ಪ ಜಗಲಿ ಹತ್ತಿದಾಗ ರೇವಣ್ಣ ಮೇಷ್ಟ್ರು ಗೆಳೆಯ ಜಂಪಣ್ಣನವರೊಂದಿಗೆ ಅವಲಕ್ಕಿ ತಿನ್ನುತ್ತಿದ್ದರು. ಜಂಪಣ್ಣ ನಿವೃತ್ತ ಪೊಲೀಸ್ ದಫೇದಾರರು. ಚನ್ನಗಿರಿಯಲ್ಲಿ ಸೂಜಿ ಕಳೆದರೂ ಜನ ಬರುತ್ತಿದ್ದುದು ಅವರ ಬಳಿಗೇ.

ಅದು ಯುದ್ಧದ ಕಾಲ, ಸೀಮೆಎಣ್ಣೆಗೆ ಬರ. ಓಬಳಪ್ಪ ಅಡುಗೆ ಮಾಡುತ್ತಿದ್ದ ಕಂತ್ರಾಟುದಾರ ವಿರೂಪಾಕ್ಷಪ್ಪನವರ ಮನೆಯಲ್ಲಿ ಸೀಮೆಎಣ್ಣೆ ದೀಪದ ಕಾವಿನಿಂದಲೇ ತಣ್ಣಗಾಗುವ ಪೆಟ್ಟಿಗೆಯೊಂದಿತ್ತು. ಬೆಂಕಿ ಹಚ್ಚಿದರೆ ತಂಪು! ರೇವಣ್ಣನವರಿಗೆ ಇದು ಎಂದೂ ನಂಬಿಕೆ ಬಾರದ ಸಂಗತಿ. ಒಳಗಿದ್ದದ್ದು ಬಿಯರ್. ವಿರೂಪಾಕ್ಷಪ್ಪನವರ ತಾಯಿ ಅಜ್ಜಮ್ಮನಿಗೆ ಮಾತ್ರ ಅದು ಮಗನ "ಹೊಟ್ಟೆನೋವಿನ ಔಷಧ".

"ದೀಪ ಉರೀತೈತೆ, ಬುಡ್ಡಿ ತುಂಬ ಎಣ್ಣೆ ಐತೆ, ಆದ್ರೂ ಬಾಟ್ಲಿ ಬೆಚ್ಚಗೈತೆ. ಯಂತ್ರ ನೀನೇ ಮುರಿದೀಯ, ನಾಳೆಯಿಂದ ಬರಬೇಡ ಅಂದ್ರು ಸಾವ್ಕಾರ್ರು. ನಿನ್ನೆ ಮಧ್ಯಾಹ್ನವೆಲ್ಲ ಸೀಮೆಎಣ್ಣೆ ಸಾಲಿನಾಗೆ ನಿಂತು ಖಾಲಿ ಡಬ್ಬ ತಂದೆ. ಪೆಟ್ಟಿಗೆ ಮುಟ್ಟೇ ಇಲ್ರೀ." ಓಬಳಪ್ಪನ ಕಣ್ಣು ತುಂಬಿತ್ತು.

ಗೆಳೆಯರಿಬ್ಬರೂ ಹೋಗಿ ನೋಡಿದರು. ಜ್ವಾಲೆ ಕೆಂಪಗಿತ್ತು, ಗೋಡೆಗೆ ಮಸಿ ಹಿಡಿದಿತ್ತು. ಜಂಪಣ್ಣ ಬುಡ್ಡಿಯ ಎಣ್ಣೆಯನ್ನು ಒಂದು ತೊಟ್ಟು ಬೆರಳಿಗೆ ಹಚ್ಚಿಕೊಂಡು, ಕಾಫಿ ಕುಡಿಯುತ್ತ ಸುಮ್ಮನೆ ಕುಳಿತುಬಿಟ್ಟರು. ಇವರಿಗೇನು ಅರಳುಮರಳೇ ಎಂದು ರೇವಣ್ಣನವರಿಗೆ ಒಳಗೊಳಗೇ ಸಿಟ್ಟು ಬಂತು. ಲೋಟ ಬರಿದಾದ ಮೇಲೆ ಜಂಪಣ್ಣ ಎಲ್ಲರನ್ನೂ ಪಡಸಾಲೆಗೆ ಕರೆಸಿದರು.

"ಸಾವ್ಕಾರ್ರೇ, ಸೀಮೆಎಣ್ಣೆ ಆಗಿದ್ರೆ ಇಷ್ಟೊತ್ತಿಗೆ ಬೆರಳು ಒಣಗಬೇಕಿತ್ತು. ಇನ್ನೂ ಜಿಡ್ಡು ಐತೆ. ಓಬಳಪ್ಪ ತಂದಿದ್ದು ಖಾಲಿ ಡಬ್ಬ. ಹಂಗಿದ್ರೆ ಬುಡ್ಡಿ ತುಂಬಿದ್ದು ಹೆಂಗೆ? ಅಜ್ಜಮ್ಮಾರೇ, ಕೊಟ್ಟಿಗೆ ದೀಪಕ್ಕೆ ಯಾವ ಎಣ್ಣೆ ಹಾಕ್ತೀರಿ?"

"ಹೊಂಗೆ ಎಣ್ಣೆ ಕಣಪ್ಪ. ನಿನ್ನೆ ಈ ಪೆಟ್ಟಿಗೆ ದೀಪಾನೂ ಆರೋ ಹಂಗಿತ್ತು. ಉರಿಯೋ ದೀಪ ಆರಾಕೆ ಬಿಡಬಾರದು ನೋಡು, ಅದ್ರಾಗೂ ಮಗನ ಔಷಧದ ದೀಪ. ನಾನೇ ತುಂಬಿದೆ. ತಪ್ಪಾತಾ?"

"ತಪ್ಪು ನಿಮ್ದಲ್ಲ ತಾಯಿ. ಹೊಂಗೆ ಎಣ್ಣೆ ದಪ್ಪ, ಈ ಬತ್ತಿಗೆ ಸರಿಯಾಗಿ ಏರಲ್ಲ. ಬರೀ ಹೊಗೆ, ಮಸಿ. ಕಾವು ಸಾಲದೆ ಪೆಟ್ಟಿಗೆ ತಣ್ಣಗಾಗಿಲ್ಲ. ಇದು ಔಷಧ ಅಂತ ನಿಮಗೆ ಹೇಳ್ದೋರು ಯಾರೋ, ತಪ್ಪು ಅವರ್ದು."

ವಿರೂಪಾಕ್ಷಪ್ಪ ಕಂಬದ ಕಡೆ ಮುಖ ತಿರುಗಿಸಿದರು. ಜಂಪಣ್ಣ ತಮ್ಮ ಮನೆಯಿಂದ ಅರ್ಧ ಸೀಸೆ ಸೀಮೆಎಣ್ಣೆ ತರಿಸಿ, ಬುಡ್ಡಿ ತೊಳೆಸಿ, ಹೊಸ ಬತ್ತಿ ಹಾಕಿಸಿದರು. ಜ್ವಾಲೆ ನೀಲಿಗೆ ತಿರುಗಿತು. ಸಂಜೆಯ ಹೊತ್ತಿಗೆ ಪೆಟ್ಟಿಗೆ ತಣ್ಣಗಾಯಿತು. ರೇವಣ್ಣನವರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಓಬಳಪ್ಪಾ, ನಾಳೆ ಬೇಗ ಬಾರೋ," ಎಂದರು ಸಾವ್ಕಾರರು, ಮುಖ ಎತ್ತದೆ.

"ನಾಳೆ ಯಾಕೆ? ಈಗ್ಲೇ ಕೆಲಸ ಐತೆ," ಎಂದರು ಅಜ್ಜಮ್ಮ. "ಒಂದ್ಸಲ ಬೆಚ್ಚಗಾದ ಔಷಧ ಹೊಟ್ಟೆಗೆ ಆಗಲ್ಲ. ಎಲ್ಲಾ ಮೋರಿಗೆ ಸುರಿ. ಮಗಂಗೆ ನೆಲಬೇವಿನ ಕಷಾಯ ಕಾಸು."

ಓಬಳಪ್ಪ ಕಷಾಯವನ್ನು ಹಿತ್ತಾಳೆ ಲೋಟದ ತುಂಬ ತಂದಿಟ್ಟ. "ಪೂರ್ತಿ ಕುಡೀರಿ ಸಾವ್ಕಾರ್ರೇ, ಅಮ್ಮಾರು ನೋಡ್ತಾವ್ರೆ."

ವಿರೂಪಾಕ್ಷಪ್ಪ ಕುಡಿದರು.