ತಿದ್ದಬಾರದ ತಪ್ಪುಗಳು

ಉಗಾರದ ಆ ಸಣ್ಣ ಆಫೀಸಿನಲ್ಲಿ ಕಬ್ಬಿನ ಕಟಾವಿಗೆ ಸರದಿ ಹಚ್ಚುವ ಸಾಫ್ಟ್‌ವೇರ್ ತಯಾರಾಗುತ್ತಿತ್ತು. ಕೋಡ್ ಓದಿ ತಪ್ಪು ತೋರಿಸುವ ಹೊಸ ಟೂಲ್‌ನಿಂದ ಬಗ್ ನಿಜಕ್ಕೂ ಕಡಿಮೆಯಾಗುತ್ತವೆಯೇ ಎಂದು ಅಳೆಯುವ ಹೊಣೆಯನ್ನು ಬ್ರಾಹ್ಮಿ ತಾನಾಗಿ ಹೊತ್ತಿದ್ದಳು. ಅವಳ ಜೊತೆ ಕೆಲಸ ಮಾಡುವ ನಿತಿನ ಟೂಲ್ ಹಚ್ಚಿ ಕೋಡ್ ಬರೆಯಬೇಕು, ಅವಳು ಟೂಲ್ ಇಲ್ಲದೆ. ಮಳೆಗಾಲ ಮುಗಿದ ಮೇಲೆ ಇಬ್ಬರ ಬಗ್‌ಗಳನ್ನೂ ಹೋಲಿಸಿ ನೋಡುವುದು. ಫರಕು ಕಂಡರೆ ಟೆಸ್ಟಿಂಗ್ ಕೆಲಸವನ್ನೆಲ್ಲ ಅವಳ ಕೈಗೆ ಕೊಡುವುದಾಗಿ ಮಾಲಕ ಭಾವುಸಾಹೇಬರು ಮಾತು ಕೊಟ್ಟಿದ್ದರು. ಅದು ಸಿಕ್ಕರೆ ಸಾಂಗಲಿಯ ವರನ ಮಾತು ಬಿಡುವುದಾಗಿ ಅವಳ ಅಪ್ಪನೂ ಒಪ್ಪಿದ್ದ.

ಫರಕು ಕಾಣಲೇ ಇಲ್ಲ.

ಟೂಲ್ ತೆಗೆದುಹಾಕಿರೆಂದು ಹೇಳಿ ಭಾವುಸಾಹೇಬರು ತಮ್ಮ ಕೋಣೆಗೆ ಹೋದರು. ರವಿವಾರ ಸಾಂಗಲಿಯವರು ಬರುತ್ತಾರೆಂದು ಹೇಳಿ ಬ್ರಾಹ್ಮಿ ಚಾರ್ಜರಿನ ವಾಯರ್ ಸುತ್ತತೊಡಗಿದಳು. ನಿತಿನನ ತಪ್ಪು ಸಿಕ್ಕಾಗಲೆಲ್ಲ ಒಂದೇ ಹುಬ್ಬು ಏರಿಸಿ, ‘ಏನೋ ಶಾಣ್ಯಾ, ಇದು ನಿಂದ ಏನು?’ ಎಂದು ಕಾಡುತ್ತಿದ್ದ ಆ ಕಣ್ಣು ಈಗ ಅವನತ್ತ ಏಳಲೇ ಇಲ್ಲ.

“ಬ್ರಾಹ್ಮಿ, ಅಳತಿ ಕೆಡಿಸಿದಾಂವ ನಾ,” ಎಂದ ನಿತಿನ.

ಅಳತೆ ನಡೆದದ್ದು ಚಾತುರ್ಮಾಸದಲ್ಲಿ. ಹೊತ್ತು ಮುಳುಗುವ ಮುಂಚೆ ಉಣ್ಣಬೇಕೆಂದು ಅವಳು ದಿನಾ ಮನೆಗೆ ಓಡುತ್ತಿದ್ದಳು. ಅದೇ ನೇಮದ ಜೈನರ ಮನೆಯವನಾದರೂ ನಿತಿನ ಮಾತ್ರ ಏಳುತ್ತಿರಲಿಲ್ಲ. ಅವಳ ಕೋಡಿಗೆ ಟೂಲ್ ಹಚ್ಚಿ, ಅದು ತೋರಿಸಿದ್ದನ್ನೆಲ್ಲ ಸದ್ದಿಲ್ಲದೆ ತಿದ್ದುತ್ತಿದ್ದ. ಅದಕ್ಕೇ ಇಬ್ಬರ ಬಗ್‌ಗಳೂ ಸರಿಸಮ ಬಂದಿದ್ದವು. ಭಾವುಸಾಹೇಬರ ಬೈಗುಳ ಅವಳಿಗೆ ತಾಗಬಾರದು ಎಂಬುದಷ್ಟೇ ತಲೆಯಲ್ಲಿತ್ತು. ಮನೆ ಸೇರುವಷ್ಟರಲ್ಲಿ ಉಣ್ಣುವ ಹೊತ್ತು ಮೀರಿ, ಉಪವಾಸವೇ ಮಲಗುತ್ತಿದ್ದ. ಮಗ ಯಾವುದೋ ವ್ರತ ಹಿಡಿದಿದ್ದಾನೆಂದು ಅವ್ವ ತಿಳಿದಿದ್ದಳು.

ಅವನು ಹೇಳಿದ್ದನ್ನೆಲ್ಲ ಕೇಳಿ ಬ್ರಾಹ್ಮಿ ವಾಯರ್ ಕೆಳಗಿಟ್ಟಳು.

“ಉಪಾಸ ಬಿದ್ದು ನನ್ನ ಬಾಯಾಗ ಮಣ್ಣ ಹಾಕಿದೆಲ್ಲೋ. ನನ್ನ ತಪ್ಪು ನನಗ ಬೇಕಾಗಿದ್ವು.”

“ಭಾವುಸಾಹೇಬ್ರು ನಿನ್ನ ಬೈಯೂದು ಕೇಳಾಕ ಆಗ್ತಿರಲಿಲ್ಲ.”

“ಯಾಕ?”

“ನಿನ್ನ ಮ್ಯಾಲ ಜೀವ ಐತಿ ನಂದು. ರವಿವಾರ ದಾಟಿದ್ರ ಹೇಳಿ ಏನ ಉಪಯೋಗ?”

ಅವಳ ಕಣ್ಣು ತುಂಬಿತು. ಸಿಟ್ಟೋ ಮತ್ತೇನೋ, ಅವನಿಗೆ ತಿಳಿಯಲಿಲ್ಲ. ತಿದ್ದುವ ಮೊದಲಿನ ಕೋಡ್ ಉಳಿದಿದೆಯೇ ಎಂದು ಕೇಳಿದಳು. ಎಲ್ಲವೂ ಇದೆ, ಒಂದನ್ನೂ ಅಳಿಸಿಲ್ಲ ಎಂದ.

“ಹಂಗಾದ್ರ ಮದಲಿಂದ ಎಣಸ್ತೀನಿ. ನೀ ಹೋಗಿ ಭಾವುಸಾಹೇಬ್ರ ಮುಂದ ಖರೇ ಹೇಳು.”

“ಕೆಲಸದಿಂದ ತಗೀತಾರ.”

“ತಗೀಲಿ. ಅವರಿಗೆ ನೀ ಹೇಳು, ಅಪ್ಪಗ ನಾ ಹೇಳ್ತೀನಿ.”

“ಅಪ್ಪಗ ಏನಂತ?”

“ನಿಂಗ ಗೊತ್ತಿಲ್ಲೇನು?”

ನಿತಿನ ಕೋಣೆಯ ಬಾಗಿಲು ಬಡಿದ. ಕೆಲಸ ಹೋಗುವುದು ಖಾತ್ರಿಯಿತ್ತು. ಬ್ರಾಹ್ಮಿ ಬಂದು ಅವನ ತೋಳು ಹಿಡಿದು ಪಕ್ಕದಲ್ಲಿ ನಿಂತಳು. ಒಳಗಿನಿಂದ ‘ಬರ್ರಿ’ ಎಂಬ ದನಿ ಬಂದ ಮೇಲೂ ಅವನ ತೋಳು ಬಿಡಲಿಲ್ಲ.