ಬಿಸಿ ಮೂಲೆಯಲ್ಲಿ ಆಡಿದ ಮಾತು

"ಅವನ ಕೈಯಲ್ಲಿ ವೇಗ ಇದೆ, ತಲೆಯಲ್ಲಿ ಏನೂ ಇಲ್ಲ," ಎಂದಳು ಒಡಾಲಿಸ್. "ಮತ್ತೆ ಮತ್ತೆ ಅದೇ ನೇರ ಚೆಂಡು. ದಾಂಡಿಗ ಕಣ್ಣು ಮುಚ್ಕೊಂಡು ಹೊಡೀತಾನೆ."

"ಮತ್ತೇನು ಎಸೀಬೇಕಿತ್ತು?" ಹಿಂದಿನಿಂದ ಯಾರೋ ಕೇಳಿದರು.

"ತಿರುವು ಚೆಂಡು. ಅಷ್ಟೂ ಗೊತ್ತಾಗಲ್ವಾ..." ಎನ್ನುತ್ತ ತಿರುಗಿದವಳ ಮಾತು ಅಲ್ಲಿಗೇ ನಿಂತಿತು.

ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕಾಗದದ ಸುರುಳಿಯಿಂದ ಕಡಲೆಕಾಯಿ ತಿನ್ನುತ್ತ ನಿಂತಿದ್ದವನು ಸ್ವತಃ ಲಿಸ್ವಾನ್. ಆ ವರ್ಷವಷ್ಟೇ ಪೂರ್ವದ ಬೆಟ್ಟಗಳ ಕಡೆಯಿಂದ ನಮ್ಮ ಸಾಂತಾ ಕ್ಲಾರಾ ಬೇಸ್‌ಬಾಲ್ ತಂಡಕ್ಕೆ ಚೆಂಡೆಸೆಯಲು ಬಂದಿದ್ದ ಪಿಚರ್. ಅವಳು ಇಷ್ಟು ಹೊತ್ತು ಬೈಯುತ್ತಿದ್ದುದು ಅವನನ್ನೇ.

ಆಟದ ಬಗ್ಗೆ ವಾದಿಸಲು ದಿನಾ ಉದ್ಯಾನದ ಆ ಮೂಲೆಯಲ್ಲಿ ಸೇರುತ್ತಿದ್ದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಳೆಯ ರೈಲು ಚಾಲಕ ಎವೆಲಿಯೋ ಅಜ್ಜ ಅವನ ಬೆನ್ನು ತಟ್ಟಿದ. "ಬೇಜಾರು ಮಾಡ್ಕೋಬೇಡ ಕಣಪ್ಪಾ. ಇದು ಬಿಸಿ ಮೂಲೆ. ಕಣ್ಣಿಗೆ ಕಂಡದ್ದನ್ನ ಇಲ್ಲಿ ಹೇಳಲೇಬೇಕು. ತಮ್ಮ, ಗಂಡ, ಗೆಳೆಯ ಅಂತ ಯಾರಿಗೂ ರಿಯಾಯಿತಿ ಇಲ್ಲ. ಇವಳಪ್ಪ ನಮ್ಮ ದೊಡ್ಡ ಪಿಚರ್ ಆಗಿದ್ದ. ಅವನು ಸೋತಾಗ ಅವನನ್ನೂ ಇಲ್ಲೇ ಬೈದಿದೀವಿ."

ಲಿಸ್ವಾನ್ ಕಡಲೆಕಾಯಿಯನ್ನು ಅವಳತ್ತ ಚಾಚಿದ. "ತಿರುವು ಚೆಂಡು ಯಾವಾಗ ಹಾಕ್ಬೇಕು ಅಂತ ಹೇಳ್ಕೊಡ್ತೀರಾ?"

"ಫೀಸ್ ಆಗುತ್ತೆ."

"ಇದು ನಡೆಯುತ್ತಾ?"

ಅವಳು ಒಂದೇ ಒಂದು ಕಾಳು ತೆಗೆದುಕೊಂಡಳು. ಬ್ರೆಡ್ ಅಂಗಡಿಯ ಕೆಲಸಕ್ಕೆ ಮರಳುವ ದಾರಿಯುದ್ದಕ್ಕೂ ಅದನ್ನು ತಿನ್ನಲಾಗದೆ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದಳು... ಯಾಕೆಂದು ಅವಳಿಗೇ ತಿಳಿಯಲಿಲ್ಲ.

ತಿಳಿಯಲು ಬಹಳ ದಿನ ಬೇಕಾಗಲೂ ಇಲ್ಲ.

ಆಟದ ಋತು ಮುಗಿಯುವ ಹೊತ್ತಿಗೆ ಬಿಸಿ ಮೂಲೆಯಲ್ಲಿ ಒಂದೇ ಜಗಳ. ಈ ಸಲದ ಅತ್ಯಮೂಲ್ಯ ಆಟಗಾರ ಯಾರು? ನಮ್ಮ ಲಿಸ್ವಾನೋ, ಎದುರಾಳಿ ತಂಡದ ದಾಂಡಿಗ ಬಾರ್ಬರೋನೋ?

"ಬಾರ್ಬರೋ ದಿನಾ ಆಡ್ತಾನೆ. ನಿಮ್ಮ ಪಿಚರ್ ವಾರಕ್ಕೊಂದು ಸಲ ಬಂದು ದರ್ಶನ ಕೊಟ್ಟು ಹೋಗ್ತಾನೆ," ಎಂದ ಕ್ಷೌರಿಕ ಚಿಚೋ.

"ಆ ಒಂದು ದಿನ ನಿಮ್ಮ ಬಾರ್ಬರೋ ಬ್ಯಾಟ್ ಹಿಡ್ಕೊಂಡು ಪ್ರಾರ್ಥನೆ ಮಾಡ್ತಾ ನಿಂತಿರ್ತಾನೆ, ಅದನ್ನೂ ಹೇಳು," ಎಂದ ಎವೆಲಿಯೋ. "ಒಡಾಲಿಸ್, ನೀನ್ಯಾಕಮ್ಮಾ ಸುಮ್ನಿದೀಯ?"

"ಅವಳೇನು ಹೇಳ್ತಾಳೆ? ಅವನು ಅತ್ಯಮೂಲ್ಯ ಅಂತ ಅವಳು ಯಾವಾಗಲೋ ತೀರ್ಮಾನ ಮಾಡಿಯಾಯ್ತು," ಎಂದ ಚಿಚೋ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಹಿಂದಿನ ಪಂದ್ಯದಲ್ಲಿ ಅವಳ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ಚೆಂಡು ಬಿಡುವಾಗ ಲಿಸ್ವಾನನ ಮೊಣಕೈ ಕೆಳಗಿಳಿಯುತ್ತಿತ್ತು. ಅಪ್ಪನ ಮೊಣಕೈ ಕೂಡ ಹೀಗೇ ಇಳಿದಿತ್ತು. ಆಮೇಲೆ ಅಪ್ಪನಿಗೆ ಸಾಯುವವರೆಗೂ ಅಂಗಿಯ ಗುಂಡಿ ಹಾಕುತ್ತಿದ್ದವಳು ಅವಳೇ.

ಅಂದು ಸಂಜೆ ಮನೆಯ ಬಾಗಿಲಲ್ಲಿ ಅವನನ್ನು ಕೇಳಿದ್ದಳು. "ನೋವಿದೆಯಾ?"

"ಸ್ವಲ್ಪ."

"ಸುಳ್ಳು ಹೇಳ್ಬೇಡ. ಕಾಫಿ ಲೋಟ ಎಡಗೈಲಿ ಹಿಡಿದಿದೀಯ."

ಅವನು ಲೋಟವನ್ನು ಕೆಳಗಿಟ್ಟ. "ಭಾನುವಾರ ಕೊನೇ ಪಂದ್ಯ. ಅದೊಂದು ಗೆದ್ರೆ ಪ್ರಶಸ್ತಿ ನಂದೇ. ಪ್ರಶಸ್ತಿ ಬಂದ್ರೆ ಜಪಾನಿನ ತಂಡದವರು ಕರೀತಾರೆ. ಅಮ್ಮನ ಮನೆಗೆ ಸೂರು ಹಾಕಿಸ್ತೀನಿ... ನಿನ್ನ ಕರ್ಕೊಂಡು ಹೋಗೋ ದಾರಿ ಹುಡುಕ್ತೀನಿ. ಯಾರಿಗೂ ಹೇಳ್ಬೇಡ, ಒಡಾ. ಆಣೆ ಮಾಡು."

ಅವಳು ಆಣೆ ಮಾಡಿದ್ದಳು.

ಈಗ ಕಲ್ಲುಬೆಂಚಿನ ಪಕ್ಕದಲ್ಲಿ ತಂಡದ ಸಹ ತರಬೇತುದಾರ ಕಾಫಿ ಕುಡಿಯುತ್ತಿದ್ದ. ಅವಳು ಅವನನ್ನು ನೋಡಿದಳು. ಹೇಳಿದರೆ ಲಿಸ್ವಾನ್ ತನ್ನನ್ನು ಕ್ಷಮಿಸುವುದಿಲ್ಲ. ಹೇಳದಿದ್ದರೆ ಆ ಕೈ ಉಳಿಯುವುದಿಲ್ಲ.

"ಲಿಸ್ವಾನ್ ಭಾನುವಾರ ಆಡಬಾರದು," ಎಂದಳು. "ಮೊಣಕೈ ಇಳೀತಾ ಇದೆ. ಕೈ ಹೋಗ್ತಾ ಇದೆ. ನನ್ನ ಕಣ್ಣಿಗೆ ಕಂಡಿದೆ."

ತರಬೇತುದಾರ ಲೋಟ ಇಟ್ಟು ಎದ್ದು ಹೋದ.

ಮರುದಿನ ವೈದ್ಯರು ಕೈ ನೋಡಿದರು. ಭಾನುವಾರ ಬೇರೆಯವನು ಚೆಂಡೆಸೆದ. ಪ್ರಶಸ್ತಿ ಬಾರ್ಬರೋಗೆ ಹೋಯಿತು.

ಲಿಸ್ವಾನ್ ಅವಳ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ನಾನು ಹೋಗ್ಬಿಡ್ತೀನಿ ಅಂತ ತಾನೇ? ಜಪಾನಿಗೆ ಹೋದ್ರೆ ಕೈ ತಪ್ಪಿ ಹೋಗ್ತಾನೆ, ಇಲ್ಲೇ ಬಿದ್ದಿರ್ಲಿ ಅಂತ."

"ಲಿಸ್ವಾನ್, ನಿನ್ನ ಕೈ..."

"ನನ್ನ ಕೈ ನಂದು. ಆಣೆ ನಿಂದಾಗಿತ್ತು."

ಅವನು ಪೂರ್ವದ ಬಸ್ಸು ಹಿಡಿದ. ಅವಳು ಬಿಸಿ ಮೂಲೆಗೆ ಹೋಗುವುದನ್ನೇ ಬಿಟ್ಟಳು. ಚಿಚೋ ಬ್ರೆಡ್ ಕೊಳ್ಳಲು ಬಂದಾಗ ಆಟದ ಮಾತೆತ್ತುತ್ತಿದ್ದ. ಅವಳು ಚಿಲ್ಲರೆ ಕೊಟ್ಟು ಮುಂದಿನವರನ್ನು ಕರೆಯುತ್ತಿದ್ದಳು. ರೇಡಿಯೋದಲ್ಲಿ ಪಂದ್ಯ ಶುರುವಾದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಹೊಸ ಋತು ಬಂತು, ಹೋಗುತ್ತಲೂ ಇತ್ತು. ಅವನಿಂದ ಒಂದು ಮಾತಿಲ್ಲ.

ಕೊನೆಗೊಂದು ಮಧ್ಯಾಹ್ನ ಎವೆಲಿಯೋ ಅಜ್ಜ ಅಂಗಡಿಗೇ ಬಂದು ಅವಳ ಕೈ ಹಿಡಿದು ಎಳೆದ. "ನಿಮ್ಮಪ್ಪನ ಜಾಗ ಖಾಲಿ ಬಿದ್ದಿದೆ. ಚಿಚೋ ಅಲ್ಲಿ ಕೂತು ಬರೀ ಸುಳ್ಳು ಬಿಡ್ತಾನೆ. ಬಾ."

ಮೂಲೆಯಲ್ಲಿ ಮತ್ತೆ ಅದೇ ಜಗಳ, ಹೊಸ ಹೆಸರುಗಳು. ಅವಳು ಬೆನ್ನು ತಿರುಗಿಸಿ ನಿಂತಳು.

"ನಾನೊಂದು ಮಾತು ಹೇಳಲಾ?" ಹಿಂದಿನಿಂದ ಒಂದು ದನಿ.

ಅವಳಿಗೆ ಚೆನ್ನಾಗಿ ಗೊತ್ತಿದ್ದ ದನಿ.

"ಹೋದ ವರ್ಷ ಇಲ್ಲಿ ಒಬ್ಬಳು ಕಣ್ಣಿಗೆ ಕಂಡದ್ದನ್ನ ಹೇಳಿದ್ಳು," ಎಂದ ಲಿಸ್ವಾನ್. ಸಣಕಲಾಗಿದ್ದ. "ಆಪರೇಷನ್ ಮಾಡಿದವರು ಹೇಳಿದ್ರು, ಆಗಲೇ ನರ ಹರಿದಿತ್ತಂತೆ. ಇನ್ನೊಂದು ಪಂದ್ಯ ಆಡಿದ್ರೆ ಲೋಟ ಹಿಡಿಯೋಕೂ ಆಗ್ತಿರಲಿಲ್ವಂತೆ. ಬಾಗಿಲಲ್ಲಿ ಅವಳು ನನ್ನ ಕೈಯನ್ನೇ ನೋಡ್ತಾ ನಿಂತಿದ್ದು ನನಗೂ ಕಂಡಿತ್ತು. ಆದ್ರೆ ನಾನು ಅದಕ್ಕೆ ಸ್ವಾರ್ಥ ಅಂತ ಹೆಸರಿಟ್ಟೆ. ತಪ್ಪು ನಂದು."

ಯಾರೂ ನಗಲಿಲ್ಲ. ಚಿಚೋ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಒಡಾಲಿಸ್ ನಿಧಾನವಾಗಿ ತಿರುಗಿದಳು. ಅವನು ಹೇಳಿದ್ದನ್ನೇ ಒಪ್ಪಿಕೊಂಡು ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಿಂತಿದ್ದದ್ದು ಬಿಸಿ ಮೂಲೆಯಲ್ಲಿ.

"ನೀನು ಅಂದದ್ದು ಪೂರ್ತಿ ತಪ್ಪಲ್ಲ," ಎಂದಳು. "ಕೈ ಉಳೀಲಿ ಅಂತಲೇ ಹೇಳಿದೆ. ಆದ್ರೆ ಪ್ರಶಸ್ತಿ ತಪ್ಪಿತು ಅಂತ ಗೊತ್ತಾದಾಗ... ಒಂದು ಗಳಿಗೆ ನನಗೆ ಸಮಾಧಾನ ಆಯ್ತು, ಲಿಸ್ವಾನ್. ನೀನು ಹೋಗಲ್ಲ ಅಂತ. ಆ ಗಳಿಗೆಯನ್ನ ನನ್ನಿಂದ ಮರೆಯೋಕೆ ಆಗಿಲ್ಲ."

ಎವೆಲಿಯೋ ಅಜ್ಜ ಉಳಿದವರನ್ನೆಲ್ಲ ಕಾಫಿಯ ನೆಪದಲ್ಲಿ ಅತ್ತ ಸಾಗಹಾಕಿದ.

"ಇನ್ಮೇಲೆ ಎಲ್ಲಿಗೂ ಹೋಗಲ್ಲ," ಎಂದ ಲಿಸ್ವಾನ್. ನಗಲು ಯತ್ನಿಸಿದ, ಆಗಲಿಲ್ಲ. ಬಲಗೈ ಮುಂದೆ ಚಾಚಿದ. ಮೊಣಕೈ ಅರ್ಧದಲ್ಲೇ ನಿಂತಿತು. "ನೋಡು, ನೆಟ್ಟಗಾಗಲ್ಲ. ಇಷ್ಟೇ."

ಅವಳು ಒಂದು ಹೆಜ್ಜೆ ಮುಂದೆ ಬಂದು ಆ ಬಾಗಿದ ತೋಳಿನೊಳಗೆ ನಿಂತಳು.

"ಇಷ್ಟು ಬಾಗಿದ್ರೆ ಸಾಕು," ಎಂದಳು.

"ನೋವಾಗುತ್ತೆ, ಒಡಾ."

"ದೂರ ಸರೀಲಾ?"

"ಬೇಡ."