ಏಳನೆಯ ಎಲೆ

"ಬೆಕ್ಕು ನಾಳೆಯಿಂದ ಬರಲ್ವಂತೆ ಪುಟ್ಟಿ. ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತೆ," ಎಂದು ಚಿಕ್ಕಪ್ಪ ಉಳಿ ಮಸೆಯುತ್ತಲೇ, ಗೋಡೆಗೆ ಹೇಳುವವರಂತೆ ಹೇಳಿದರು.

ಅವಳು ತಲೆಯೆತ್ತಲಿಲ್ಲ. ಹೋಗಲಿ ಬಿಡಿ, ಉಜ್ಜಲು ಅಲ್ಲೂ ಮರ ಸಿಕ್ಕೀತು ಎಂದಳು. ಬಾಯಿ ಹಾಗೆಂದಿತೇ ಹೊರತು, ಕೈಯಲ್ಲಿದ್ದ ಉಳಿ ನಿಂತಲ್ಲೇ ನಿಂತಿತ್ತು.

ಆ ಮರಗೆತ್ತನೆಯ ಅಂಗಡಿಯಲ್ಲಿ ಕೆತ್ತುವವಳು ಅವಳು, ಪಾಲಿಶ್ ಹಾಕುವವನು ಅವನು. ಸದ್ದಿಲ್ಲದೆ ಓಡಾಡುತ್ತಾನೆಂದು ಚಿಕ್ಕಪ್ಪ ಇಟ್ಟ ಹೆಸರು ಬೆಕ್ಕು. ಅವರಿಬ್ಬರ ಜಗಳಕ್ಕೆ ಕಾರಣ ಒಂದು ಎಲೆ.

ತೇಗದ ಹಲಗೆಯ ಮೇಲೆ ತಿಂಗಳಿಡೀ ಕೂತು ಅವಳು ಒಂದು ಬಳ್ಳಿಯನ್ನು ಉಬ್ಬು ಕೆತ್ತನೆಯಲ್ಲಿ ಎಬ್ಬಿಸಿದ್ದಳು. ಉಳಿ ಬಿಟ್ಟ ಚೂಪು ಅಂಚಿಗೆ ಸ್ಯಾಂಡ್‌ಪೇಪರ್ ತಾಗಿಸಬಾರದು, ಅದರಿಂದ ಕೆತ್ತನೆಯ ಜೀವವೇ ಹೋಗುತ್ತದೆ ಎನ್ನುವುದು ಆ ಅಂಗಡಿಯ ಕಟ್ಟುನಿಟ್ಟು. ಅಂಥದ್ದರಲ್ಲಿ, ಗಿರಾಕಿ ನೋಡಲು ಬಂದ ದಿನವೇ, ಬೆಕ್ಕು ಏಳನೆಯ ಎಲೆಯನ್ನು ಉಜ್ಜಿ ಸವೆದ ಸಾಬೂನಿನಂತೆ ಮಾಡಿಟ್ಟಿದ್ದ. ನನ್ನ ಕೆಲಸ ಇನ್ನು ಮುಟ್ಟಬೇಡಿ ಎಂದು ಎಲ್ಲರೆದುರೇ ಅಂದುಬಿಟ್ಟಿದ್ದಳು. ಅವನು ಕೈ ಒರೆಸಿಕೊಂಡು ಒಳಗೆ ಹೋಗಿದ್ದ.

ಮೊದಲೆಲ್ಲ ಬೆಳಗ್ಗೆ ಬಾಗಿಲು ದಾಟುವಾಗ ಅವನ ಒಂದು ನೋಟ ಅವಳತ್ತ ಬೀಳುತ್ತಿತ್ತು. ಅವಳು ನೋಡಿದರೆ ಆ ಕಣ್ಣು ಥಟ್ಟನೆ ಪಾಲಿಶ್ ಡಬ್ಬಗಳ ಕಡೆ ಹೊರಳುತ್ತಿತ್ತು. ಆ ನೋಟ ನಿಂತು ಹನ್ನೊಂದು ದಿನವಾಗಿತ್ತು. ಎಣಿಸಿದವಳು ಅವಳೇ.

ಇಳಿಬಿಸಿಲು ಕಿಟಕಿಯಿಂದ ಹಲಗೆಯ ಮೇಲೆ ಓರೆಯಾಗಿ ಬಿತ್ತು. ಉಬ್ಬು ಕೆತ್ತನೆಯ ಗುಟ್ಟು ರಟ್ಟಾಗುವುದು ಇಂಥ ಬೆಳಕಿನಲ್ಲೇ. ಏಳನೆಯ ಎಲೆಯಲ್ಲಿ, ಮರದ ಎಳೆಗೆ ಅಡ್ಡವಾಗಿ, ಕೂದಲಿನಷ್ಟು ಸಣ್ಣ ಗೆರೆಯೊಂದು ಕಂಡಿತು. ಉಳಿ ಜಾರಿದ ಗುರುತು. ಅಷ್ಟು ಸಣ್ಣ ಬಾಯಿಯ ಉಳಿ ಅಂಗಡಿಯಲ್ಲಿ ಇದ್ದದ್ದು ಅವಳೊಬ್ಬಳ ಬಳಿ. ಯಾವಾಗ ಜಾರಿತೋ, ಅವಳಿಗೇ ತಿಳಿದಿರಲಿಲ್ಲ. ಅವನು ಉಜ್ಜಿದ್ದು ಇದನ್ನು ಅಳಿಸಲು.

ಅವನು ಒಳಕೋಣೆಯಲ್ಲಿ ಬ್ರಷ್‌ಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಜಾರಿದ್ದು ನನ್ನ ಉಳಿ ಅಂತ ಯಾಕೆ ಹೇಳ್ಲಿಲ್ಲ?" ಅವಳು ಬಾಗಿಲಲ್ಲಿ ನಿಂತು ಕೇಳಿದಳು.

"ಗಿರಾಕಿ ಪಕ್ಕದಲ್ಲೇ ನಿಂತಿದ್ರಲ್ಲ."

"ಆಮೇಲೆ ಹೇಳ್ಬಹುದಿತ್ತು."

"ಆಮೇಲೆ ನೀವು ಮಾತೇ ಬಿಟ್ರಿ." ಅವನ ಕಿವಿ ಕೆಂಪಗಾಗಿತ್ತು. "ಬೇರೆ ಯಾರ ತಪ್ಪಾಗಿದ್ರೂ ತೋರಿಸಿ ಸುಮ್ನಾಗ್ತಿದ್ದೆ. ನಿಮ್ಮದು ಅಂತ ಉಜ್ಜಿದೆ. ಬೈಸ್ಕೊಂಡ್ರೆ ನಾನೇ ಬೈಸ್ಕೊಳ್ಳೋಣ ಅಂತ."

ಅವಳಿಗೆ ಕ್ಷಮೆ ಕೇಳಬೇಕೆನಿಸಿತು, ಅವನ ಕಿವಿ ನೋಡಿ ನಗುವೂ ಬಂತು.

"ಹೋಗ್ಬೇಡಿ," ಎಂದಳು.

"ಪಾಲಿಶ್ ಕೆಲಸಕ್ಕೆ ಇನ್ನೊಬ್ಬ ಸಿಗ್ತಾನೆ ಬಿಡಿ."

"ಕೆಲಸಕ್ಕೆ ಸಿಗ್ತಾನೆ. ನಂಗೆ ಸಿಗಲ್ಲ."

ಅವನ ಕೈಯಿಂದ ಬಟ್ಟೆಯ ಸುರುಳಿ ಜಾರಿ ಬ್ರಷ್‌ಗಳು ನೆಲದ ತುಂಬ ಉರುಳಿದವು. ಅವಳು ಬಗ್ಗಿ ಒಂದನ್ನು ಎತ್ತಿದಳು. ಅವನು ಕೈಚಾಚಿದ. ಅವಳು ಕೊಡಲಿಲ್ಲ. ಗೋಡೆಯಲ್ಲಿ ಅವನು ಖಾಲಿ ಮಾಡಿದ್ದ ಮೊಳೆಗೆ ಅದನ್ನು ನೇತುಹಾಕಿ, ಎರಡನೆಯದಕ್ಕೆ ಬಗ್ಗಿದಳು.